ಅಡಿಕೆ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದ ಎಂಜಿಎ 1500: ಇಸುಜು ಎಂಜಿನ್ ಕೂರಿಸಬಹುದೇ?

ತೀರ್ಥಹಳ್ಳಿಯ ತೋಟದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ, ಡಾಂಬರು ರಸ್ತೆ ಬಿಟ್ಟು ಮೂರು ಕಿಲೋಮೀಟರ್ ಒಳಗಿದೆ. ಕಳೆದ ವರ್ಷ ಹಿಸ್ಸೆಯಾದಾಗ ಹಳೆಯ ಕೊಟ್ಟಿಗೆ ನನ್ನ ಪಾಲಿಗೆ ಬಂತು. ಅದರ ಹಿಂಬದಿಯಲ್ಲಿ, ಅಡಿಕೆ ದಬ್ಬೆ ಮತ್ತು ಗೋಣಿಚೀಲಗಳ ಮರೆಯಲ್ಲಿ, ಅಜ್ಜ ಕೊಪ್ಪದ ಕಡೆಯ ಕಾಫಿ ತೋಟದವರೊಬ್ಬರಿಂದ ಕೊಂಡಿದ್ದ ಎಂಜಿಎ 1500 ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ನಿಂತಿದೆ. ನನಗೆ ಬುದ್ಧಿ ಬಂದಾಗಿನಿಂದ ಅದು ಓಡಿದ್ದನ್ನು ನಾನು ಕಂಡಿಲ್ಲ. ಹಂಚು ಒಡೆದ ಜಾಗದಿಂದ ಎಷ್ಟೋ ಮಳೆಗಾಲಗಳ ನೀರು ಅದರ ಮೇಲೆ ಇಳಿದಿದೆ. ಸೀಟಿನ ಹಿಂದಿನ ಗೂಡನ್ನು ಮನೆಯ ಕೋಳಿಗಳು ಮೊಟ್ಟೆಯಿಡಲು ಆರಿಸಿಕೊಂಡಿದ್ದವು.

ಸದ್ಯ ಕಂಡದ್ದನ್ನು ಹೇಳುತ್ತೇನೆ. ಬಾನೆಟ್, ಡಿಕ್ಕಿಯ ಮುಚ್ಚಳ ಮತ್ತು ಬಾಗಿಲುಗಳ ಹೊರಹಾಳೆ ಅಲ್ಯೂಮಿನಿಯಂ ಆದ್ದರಿಂದ ಉಳಿದುಕೊಂಡಿವೆ, ತಗ್ಗುಬಿದ್ದಿವೆ ಅಷ್ಟೇ. ಬಾಗಿಲ ಕೆಳಗಿನ ಸಿಲ್ ಎರಡೂ ಕಡೆ ಹೋಗಿದೆ. ಎಡಗಡೆಯದರಲ್ಲಿ ಹೆಬ್ಬೆರಳು ಒತ್ತಿದರೆ ಒಳಗೆ ಇಳಿಯುತ್ತದೆ, ಹೊರಗೆ ತೆಗೆದಾಗ ಉಗುರಿನಲ್ಲಿ ಕಾಫಿಪುಡಿಯಂಥದ್ದು ಅಂಟಿಕೊಂಡು ಬರುತ್ತದೆ. ನೆಲದ ಪ್ಲೈವುಡ್ ಹಲಗೆಯನ್ನು ಒರಲೆ ಪೂರ್ತಿ ತಿಂದಿದೆ. ಎಂಜಿನ್ ಜಾಮ್ ಆಗಿದೆ. ಮುಂದಿನ ಪುಲ್ಲಿಗೆ ಪಾನ ಹಾಕಿ ಇಬ್ಬರು ಎಳೆದರೂ ಅಲುಗಲಿಲ್ಲ. ಎರಡು ಎಸ್‌ಯು ಕಾರ್ಬುರೇಟರ್‌ಗಳ ಪೈಕಿ ಒಂದು ಮಾತ್ರ ಇದೆ. ಅಜ್ಜನ ಹೆಸರಿನ ಆರ್‌ಸಿ ಪುಸ್ತಕ, ಮೈಸೂರು ರಾಜ್ಯದ ಕಾಲದ 'ಎಂವೈ' ನಂಬರಿನದು, ಟ್ರಂಕಿನಲ್ಲಿ ಸಿಕ್ಕಿತು.

ಶಿವಮೊಗ್ಗದ ಗುಜರಿಯವರೊಬ್ಬರ ಬಳಿ ಕಾಂಟೆಸ್ಸಾ ಕಾರಿನಿಂದ ಬಿಚ್ಚಿದ ಇಸುಜು 1.8 ಪೆಟ್ರೋಲ್ ಎಂಜಿನ್ ಐದು ಗೇರಿನ ಪೆಟ್ಟಿಗೆಯ ಸಮೇತ ಇದೆ. ಅದನ್ನು ಇದಕ್ಕೆ ಕೂರಿಸಿದರೆ ಘಾಟಿ ಹತ್ತಲು ಕಷ್ಟವಾಗದು ಎಂಬುದು ನನ್ನ ಲೆಕ್ಕಾಚಾರ. ಮಳೆಗಾಲಕ್ಕೆ ಇನ್ನು ಎರಡು ತಿಂಗಳಿದೆ. ಮೊದಲು ಎಂಜಿನ್ ಕೊಂಡು ಓಡುವಂತೆ ಮಾಡಿಕೊಂಡು, ತಗಡಿನ ಕೆಲಸವನ್ನು ನಿಧಾನವಾಗಿ ಮಾಡಿಸಬಹುದೇ? ಈ ಬಗೆಯ ಕೆಲಸ ಮಾಡಿದವರು ತಿಳಿಸಿದರೆ ಉಪಕಾರವಾಗುತ್ತದೆ.

ಸಾಗರದ ಟಿಂಕರಿಂಗ್ ಶೆಡ್

ನಿಮ್ಮ ಪ್ರಶ್ನೆಯ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಅಲ್ಲಿ ನೀವು ಹಾಕಿಕೊಂಡಿರುವ ಕ್ರಮ ತಲೆಕೆಳಗಾಗಿದೆ. ಎಂಜಿನ್ ಯಾವುದು ಎಂಬುದನ್ನು ತುಕ್ಕಿನ ಕೆಲಸ ಮುಗಿಯುವವರೆಗೆ ನಿರ್ಧರಿಸಬೇಡಿ. ಷಾಸಿ, ಅಂದರೆ ಕಾರಿನ ಅಡಿಯ ಕಬ್ಬಿಣದ ಚೌಕಟ್ಟು, ನಿಂತರೆ ಮಾತ್ರ ಎಂಜಿನ್ನಿನ ಮಾತು. ಅದು ನಿಲ್ಲದಿದ್ದರೆ ಗುಜರಿಯವರಿಗೆ ಕೊಟ್ಟ ಹಣ ಕೊಟ್ಟಿಗೆಯಲ್ಲಿ ಇನ್ನೊಂದು ತುಕ್ಕಿನ ಗುಡ್ಡೆಯಾಗಿ ಕೂರುತ್ತದೆ.

ಎಂಜಿಎ ಕಾರಿಗೆ ಬೇರೆಯೇ ಷಾಸಿ ಇದೆ, ಬಾಡಿ ಅದರ ಮೇಲೆ ಬೋಲ್ಟುಗಳಲ್ಲಿ ಕೂತಿದೆ. ಇದು ನಿಮ್ಮ ಅದೃಷ್ಟ. ಒಂದು ಸಣ್ಣ ಸುತ್ತಿಗೆ ಹಿಡಿದು ಷಾಸಿಯ ಉದ್ದಕ್ಕೂ ಒಂದು ಗೇಣಿಗೊಮ್ಮೆ ಬಡಿಯುತ್ತಾ ಹೋಗಿ. ಗಟ್ಟಿ ಇರುವ ಕಡೆ ಗಂಟೆಯ ದನಿ ಬರುತ್ತದೆ, ಕೊಳೆತ ಕಡೆ ಹಲಸಿನ ಹಣ್ಣಿಗೆ ಬಡಿದ ಹಾಗೆ ಕೇಳುತ್ತದೆ. ನಾಲ್ಕು ಕಡೆ ವಿಶೇಷವಾಗಿ ನೋಡಬೇಕು. ನೆಲದ ಹಲಗೆಯನ್ನು ಹೊರುವ ಕೋನಪಟ್ಟಿಗಳು ಷಾಸಿಗೆ ಸೇರುವ ಗೆರೆಯಲ್ಲಿ ಒದ್ದೆ ಹಲಗೆ ವರ್ಷಗಟ್ಟಲೆ ಕಬ್ಬಿಣಕ್ಕೆ ಒತ್ತಿಕೊಂಡು ಕೂತಿರುತ್ತದೆ. ಸೀಟಿನ ಹಿಂದೆ ಎರಡು 6 ವೋಲ್ಟ್ ಬ್ಯಾಟರಿಗಳನ್ನು ಇಡುವ ತೊಟ್ಟಿಲುಗಳಿವೆ; ಆಸಿಡ್ ಸೋರಿ ಮೊದಲು ಹೋಗುವುದೇ ಅವು, ನಿಮ್ಮಲ್ಲಿ ಕೋಳಿಯ ಹಿಕ್ಕೆಯೂ ಸೇರಿದೆ. ಮೂರನೆಯದು ಹಿಂದಿನ ಪಟ್ಟಾ ಸ್ಪ್ರಿಂಗುಗಳು ಕೂರುವ ಜಾಗ. ನಾಲ್ಕನೆಯದು ಬಾಗಿಲಿನ ತಿರುಗಣಿ ಕೂರುವ ಕಂಬದ ಬುಡ; ಅದು ಬಾಡಿಯ ಭಾಗವೇ ಆದರೂ ಬಾಗಿಲ ಭಾರವೆಲ್ಲ ಅದರ ಮೇಲಿದೆ.

ಬಡಿದು ನೋಡಿದ ಮೇಲೆ ಅಳೆಯಿರಿ. ಷಾಸಿಯ ಎಡ ಮುಂಭಾಗದ ಒಂದು ಗುರುತಿನಿಂದ ಬಲ ಹಿಂಭಾಗದ ಗುರುತಿಗೆ ನೂಲು ಹಿಡಿದು, ಮತ್ತೆ ಬಲದಿಂದ ಎಡಕ್ಕೆ ಹಿಡಿದು, ಎರಡೂ ಕರ್ಣಗಳು ಸಮವಿವೆಯೇ ಎಂದು ಪರೀಕ್ಷಿಸಬೇಕು. ವ್ಯತ್ಯಾಸ ಕಂಡರೆ ಹಿಂದೆಂದೋ ಅಪಘಾತವಾಗಿದೆ ಎಂದರ್ಥ, ಆಗ ಲೆಕ್ಕವೇ ಬೇರೆ.

ಇನ್ನು ಸಿಲ್ ವಿಷಯದಲ್ಲಿ ನಾನು ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳುತ್ತೇನೆ. ಹದಿನೆಂಟು ವರ್ಷಗಳ ಹಿಂದೆ ಒಂದು ಫಿಯೆಟ್ 1100 ನನ್ನ ಶೆಡ್ಡಿಗೆ ಬಂದಿತ್ತು. ಅದಕ್ಕೆ ಪ್ರತ್ಯೇಕ ಷಾಸಿ ಇಲ್ಲ, ಬಾಡಿಯೇ ಬೆನ್ನೆಲುಬು. ಗಿರಾಕಿಯ ಅವಸರಕ್ಕೆ ನಾನು ಎರಡೂ ಕಡೆಯ ಸಿಲ್‌ಗಳನ್ನು ಒಂದೇ ದಿನ ಕತ್ತರಿಸಿ ಹಾಕಿದೆ. ಸಂಜೆ ಬಾಗಿಲು ಮುಚ್ಚಲು ಹೋದಾಗ ಚಿಲಕ ತನ್ನ ಗೂಡಿಗಿಂತ ಒಂದು ಬೆರಳಿನಷ್ಟು ಕೆಳಗೆ ಬಡಿಯುತ್ತಿತ್ತು. ಕಾರು ನಡುವಿನಲ್ಲಿ ಕುಸಿದಿತ್ತು. ಜ್ಯಾಕ್ ಕೊಟ್ಟು ಎತ್ತಿ ಸರಿಮಾಡಲು ಮೂರು ವಾರ ಹಿಡಿಯಿತು, ಕೂಲಿಯನ್ನು ನಾನೇ ಹೊತ್ತೆ. ಎಂಜಿಎಗೆ ಷಾಸಿಯ ಆಸರೆ ಇರುವುದರಿಂದ ಅಷ್ಟು ಕುಸಿಯದು, ಆದರೆ ಬಾಗಿಲ ಸಂದು ಹಾಳಾಗುವುದು ಇಲ್ಲಿಯೂ ಖಂಡಿತ. ಆದ್ದರಿಂದ ಬಾಡಿಯನ್ನು ಷಾಸಿಯ ಮೇಲೆಯೇ ಬೋಲ್ಟು ಬಿಗಿದು ಇಟ್ಟು, ಕಾರು ತನ್ನ ಚಕ್ರಗಳ ಮೇಲೆಯೇ ನಿಂತಿರುವಾಗ, ತಿರುಗಣಿಯ ಕಂಬದಿಂದ ಚಿಲಕದ ಕಂಬಕ್ಕೆ ಒಂದು ಅಂಗುಲದ ಚೌಕ ಪೈಪನ್ನು ಅಡ್ಡಲಾಗಿ ವೆಲ್ಡ್ ಮಾಡಿ. ಆಮೇಲೆ ಒಂದು ಕಡೆಯ ಸಿಲ್ ಮಾತ್ರ ಕತ್ತರಿಸಿ, ಹೊಸದನ್ನು ಅಲ್ಲಲ್ಲಿ ಚುಕ್ಕೆ ವೆಲ್ಡಿಂಗಿನಲ್ಲಿ ನಿಲ್ಲಿಸಿ, ಬಾಗಿಲು ತೂಗುಹಾಕಿ, ಸಂದು ಒಪ್ಪಿದ ಮೇಲೆಯೇ ಪೂರ್ತಿ ವೆಲ್ಡ್ ಮಾಡಿ. ಇನ್ನೊಂದು ಕಡೆ ಅದರ ನಂತರ.

ತುಕ್ಕು ತೆಗೆಯಲು ಷಾಸಿಗೆ ಮರಳು ಬ್ಲಾಸ್ಟಿಂಗ್ ಒಳ್ಳೆಯದು. ಮಾಚೇನಹಳ್ಳಿ ಕೈಗಾರಿಕಾ ಪ್ರದೇಶದ ಕಡೆ ವಿಚಾರಿಸಿ. ಬಾಡಿಯ ತಗಡಿಗೆ ಅದನ್ನು ಹತ್ತಿರ ಸೇರಿಸಬೇಡಿ, ಮರಳಿನ ಹೊಡೆತಕ್ಕೆ ತಗಡು ಹಪ್ಪಳದಂತೆ ಏಳುತ್ತದೆ. ಬ್ಲಾಸ್ಟಿಂಗ್ ಆದ ದಿನವೇ ಎಪಾಕ್ಸಿ ಪ್ರೈಮರ್ ಬೀಳಬೇಕು. ನಮ್ಮ ಮಲೆನಾಡಿನ ಗಾಳಿಯಲ್ಲಿ ಬೆತ್ತಲೆ ಕಬ್ಬಿಣ ಒಂದು ರಾತ್ರಿ ಕಳೆಯುವುದರೊಳಗೆ ಕೆಂಪಾಗುತ್ತದೆ. ಬರಿಯ ರೆಡ್ ಆಕ್ಸೈಡ್ ಬಳಿದು ಬಿಟ್ಟರೆ ಪ್ರಯೋಜನವಿಲ್ಲ, ಅದು ತೇವವನ್ನು ತಡೆಯುವುದಿಲ್ಲ.

ಚಿಕ್ಕ ಬಿಡಿಭಾಗಗಳಿಗೆ, ಅಂದರೆ ತಿರುಗಣಿ, ಬ್ರ್ಯಾಕೆಟ್, ಪೆಡಲ್ ಮುಂತಾದವಕ್ಕೆ, ಕಾಕಂಬಿ ಬಳಸಿ. ಒಂದು ಪಾಲು ಕಾಕಂಬಿಗೆ ಒಂಬತ್ತು ಪಾಲು ನೀರು ಬೆರೆಸಿ ಡ್ರಮ್ಮಿನಲ್ಲಿ ಎರಡು ಮೂರು ವಾರ ಮುಳುಗಿಸಿಟ್ಟರೆ ತುಕ್ಕು ತಾನಾಗಿ ಬಿಟ್ಟುಕೊಡುತ್ತದೆ, ಒಳ್ಳೆಯ ಕಬ್ಬಿಣ ಉಳಿಯುತ್ತದೆ. ಅಲ್ಯೂಮಿನಿಯಂ ಮತ್ತು ಸತುವಿನ ಭಾಗಗಳನ್ನು ಮಾತ್ರ ಅದರೊಳಗೆ ಹಾಕಬಾರದು, ಅವನ್ನು ಅದು ತಿಂದುಬಿಡುತ್ತದೆ. ವಾಸನೆ ಮಾತ್ರ ಸಹಿಸಲಾಗದು. ಡ್ರಮ್ಮನ್ನು ಬಚ್ಚಲ ಹತ್ತಿರ ಇಟ್ಟು ನಾನು ಮನೆಯಲ್ಲಿ ಮಾತು ಕೇಳಿದ್ದೇನೆ.

ಕೊಪ್ಪದ ಹೆರಾಲ್ಡ್

ಮೇಲಿನವರು ತುಕ್ಕಿನ ಬಗ್ಗೆ ಹೇಳಿದ್ದಕ್ಕೆ ನನ್ನ ಪೂರ್ಣ ಸಮ್ಮತಿಯಿದೆ. ಆದರೆ ಎಂಜಿನ್ ಬದಲಾವಣೆ ಎಂದ ಕೂಡಲೇ ಅಪಚಾರವಾಯಿತು ಎಂಬಂತೆ ಮಾತಾಡುವವರು ಮುಂದೆ ಬರುತ್ತಾರೆಂದು ಗೊತ್ತಿರುವುದರಿಂದ ಇನ್ನೊಂದು ಪಕ್ಷವನ್ನೂ ಮಂಡಿಸುತ್ತೇನೆ. ಮದ್ರಾಸಿನಲ್ಲಿ ತಯಾರಾದ ಸ್ಟ್ಯಾಂಡರ್ಡ್ ಹೆರಾಲ್ಡ್ ನನ್ನಲ್ಲಿದೆ. ಮೂಲದ 948 ಸಿಸಿ ಎಂಜಿನ್ ತೀರಾ ಸವೆದು ಹೋಗಿದ್ದಾಗ ನಾನು ಮಾರುತಿ ಜಿಪ್ಸಿಯ 1298 ಸಿಸಿ ಎಂಜಿನ್ ಕೂರಿಸಿದೆ.

ಜಿಪ್ಸಿಯನ್ನು ಆರಿಸಿಕೊಳ್ಳಲು ಕಾರಣವಿತ್ತು. ಇಂದಿನ ಹೆಚ್ಚಿನ ಚಿಕ್ಕ ಕಾರುಗಳ ಎಂಜಿನ್ ಅಡ್ಡಡ್ಡ ಕೂತು ಮುಂದಿನ ಚಕ್ರಗಳನ್ನು ತಿರುಗಿಸುತ್ತದೆ, ಹಿಂಚಕ್ರ ತಿರುಗುವ ಹಳೆಯ ಕಾರಿಗೆ ಅದು ಒದಗುವುದಿಲ್ಲ. ಜಿಪ್ಸಿಯದು ಉದ್ದುದ್ದ ಕೂರುತ್ತದೆ, ಬ್ಲಾಕ್ ಅಲ್ಯೂಮಿನಿಯಂ ಆದ್ದರಿಂದ ಹಗುರ, ಮತ್ತು ಹಿಂದೆ ಮುಂದೆ ಎರಡೂ ಕಡೆಯ ಚಕ್ರಗಳಿಗೆ ಶಕ್ತಿ ಹಂಚುವ ಅದರ ಟ್ರಾನ್ಸ್‌ಫರ್ ಕೇಸ್ ಗೇರ್ ಪೆಟ್ಟಿಗೆಗೆ ಅಂಟಿಕೊಂಡಿರದೆ ಹಿಂದೆ ಬೇರೆಯಾಗಿ ಇರುತ್ತದೆ. ಟ್ರಾನ್ಸ್‌ಫರ್ ಕೇಸನ್ನು ಬಿಟ್ಟು ಗೇರ್ ಪೆಟ್ಟಿಗೆಯಿಂದ ನೇರವಾಗಿ ಹಿಂಚಕ್ರಗಳಿಗೆ ಪ್ರೊಪೆಲ್ಲರ್ ಶಾಫ್ಟ್ ಮಾಡಿಸಬಹುದು. ಇಷ್ಟೆಲ್ಲ ಲೆಕ್ಕ ಹಾಕಿದವನು ಒಂದನ್ನು ಮರೆತೆ. ಜಿಪ್ಸಿಯ ಸ್ಪೀಡೋಮೀಟರ್ ಕೇಬಲ್ ಹೊರಡುವುದೇ ಆ ಟ್ರಾನ್ಸ್‌ಫರ್ ಕೇಸಿನಿಂದ! ಎಂಟು ತಿಂಗಳು ನನ್ನ ಕಾರಿನ ಮುಳ್ಳು ಸೊನ್ನೆಯಲ್ಲೇ ಮಲಗಿತ್ತು. ಕೊನೆಗೆ ಪ್ರೊಪೆಲ್ಲರ್ ಶಾಫ್ಟಿನ ಮೇಲೆ ಅಯಸ್ಕಾಂತ ಅಂಟಿಸಿ, ಸೆನ್ಸರ್ ಹಾಕಿ, ಒಂದು ಚಿಕ್ಕ ಮೋಟಾರಿನಿಂದ ಹಳೆಯ ಮೀಟರನ್ನು ತಿರುಗಿಸಬೇಕಾಯಿತು.

ಆದರೂ ಕೆಲಸ ಸಾರ್ಥಕವಾಯಿತು. ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳನ್ನು ಮೊದಲು ಮೊದಲನೇ ಗೇರಿನಲ್ಲಿ ಕುದಿಯುತ್ತಾ ಹತ್ತುತ್ತಿದ್ದ ಕಾರು ಈಗ ಎರಡನೆಯದರಲ್ಲಿ ಆರಾಮವಾಗಿ ಹತ್ತುತ್ತದೆ. ಬಿಡಿಭಾಗ ಯಾವ ಊರಿನಲ್ಲಿ ಕೇಳಿದರೂ ಸಿಗುತ್ತದೆ. ಓಡದೆ ನಿಂತ ಅಸಲಿ ಕಾರಿಗಿಂತ ಓಡುವ ಕಾರು ಮೇಲು ಎಂಬುದು ನನ್ನ ನಂಬಿಕೆ.

ಇಸುಜು ಬಗ್ಗೆ ಮಾತ್ರ ಎಚ್ಚರ. ಎಂಜಿನ್ ಗಟ್ಟಿಮುಟ್ಟು, ಅನುಮಾನವಿಲ್ಲ. ಆದರೆ ಕ್ಯಾಮ್ ಶಾಫ್ಟ್ ಮೇಲಿರುವುದರಿಂದ ಎತ್ತರ ಹೆಚ್ಚು, ಎಂಜಿಎಯ ಬಾನೆಟ್ ತಗ್ಗು. ಗೇರ್ ಪೆಟ್ಟಿಗೆಗಾಗಿ ಷಾಸಿಯ ನಡುವಿನ ಅಡ್ಡಪಟ್ಟಿಯನ್ನು ಕತ್ತರಿಸಬೇಕಾಗಿ ಬಂದರೆ ನಾನಾದರೆ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಬೋಲ್ಟಿನಲ್ಲಿ ಮಾಡಿದ್ದನ್ನು ಬಿಚ್ಚಬಹುದು, ಗ್ಯಾಸ್ ಕಟರಿನಲ್ಲಿ ಮಾಡಿದ್ದನ್ನು ಬಿಚ್ಚಲಾಗದು. ಜೊತೆಗೆ 1500ರಲ್ಲಿ ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್. ಹತ್ತುವ ಶಕ್ತಿ ಹೆಚ್ಚಿಸಿಕೊಂಡವರು ಇಳಿಯುವಾಗ ನಿಲ್ಲಿಸುವ ಶಕ್ತಿಯ ಬಗ್ಗೆಯೂ ಯೋಚಿಸಬೇಕಾಗುತ್ತದೆ.

ಭದ್ರಾವತಿಯ ಹಳೇ ಫಿಟ್ಟರ್

ಇದ್ದಿಲಿನ ಊದುಕುಲುಮೆಯಲ್ಲಿ 1923ರಿಂದಲೇ ಕಬ್ಬಿಣ ಕರಗಿಸಿದ ಊರಿನವನು ನಾನು, ಮಷೀನ್ ಶಾಪಿನಲ್ಲಿ ಮೂವತ್ತೊಂದು ವರ್ಷ ದುಡಿದು ನಿವೃತ್ತನಾದವನು. ಇಲ್ಲಿ ಯಾರೂ ಕೇಳದ ಒಂದು ಪ್ರಶ್ನೆಯನ್ನು ಕೇಳುತ್ತೇನೆ. ಆ ಎಂಜಿನ್ ನಿಜವಾಗಿಯೂ ಸತ್ತಿದೆಯೇ? ಅಲುಗಲಿಲ್ಲ ಎಂದ ಮಾತ್ರಕ್ಕೆ ಸತ್ತಿತು ಎಂದಾಗುವುದಿಲ್ಲ.

ಮೊದಲು ಅದು ಯಾವ ಎಂಜಿನ್ ಎಂಬುದನ್ನು ತಿಳಿದುಕೊಳ್ಳಿ. ಇಂಗ್ಲೆಂಡಿನ ಅಬಿಂಗ್ಡನ್ನಿನಲ್ಲಿ 1955ರಿಂದ 1962ರವರೆಗೆ ತಯಾರಾದ ಎಂಜಿಎ ಕಾರುಗಳ ಪೈಕಿ ಮೊದಲಿನ 1500ಕ್ಕೆ ಹಾಕಿದ್ದು ಬಿಎಂಸಿ ಸಂಸ್ಥೆಯ ಬಿ ಸೀರೀಸ್ ಎಂಜಿನ್. ಬೋರ್ (ಸಿಲಿಂಡರಿನ ಒಳವ್ಯಾಸ) 73.025 ಮಿಲಿಮೀಟರ್, ಸ್ಟ್ರೋಕ್ (ಪಿಸ್ಟನ್ ಓಡುವ ದೂರ) 88.9 ಮಿಲಿಮೀಟರ್, ಒಟ್ಟು 1489 ಸಿಸಿ. ಈ ಅಂಕಿಯನ್ನು ಎಲ್ಲಿಯೋ ಕೇಳಿದ ಹಾಗಿದೆ ಅನ್ನಿಸಿದರೆ ಅದು ಸರಿಯೇ. ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ನಮ್ಮ ಅಂಬಾಸಿಡರ್ ಕಾರಿನ ಪೆಟ್ರೋಲ್ ಎಂಜಿನ್ ಇದೇ ಮನೆತನದ್ದು, ಇದೇ 1489 ಸಿಸಿ. ನಮ್ಮ ಜಿಲ್ಲೆಯಲ್ಲಿ ಟ್ಯಾಕ್ಸಿಯಾಗಿ, ಸರ್ಕಾರಿ ಕಾರಾಗಿ, ಮದುವೆಯ ದಿಬ್ಬಣವಾಗಿ ಓಡಾಡಿದ ಅಂಬಾಸಿಡರುಗಳ ಬಾನೆಟ್ ಎತ್ತಿ ಕೆಲಸ ಕಲಿತ ಯಾವ ಹಳೆಯ ಮೇಸ್ತ್ರಿಗೂ ನಿಮ್ಮ ಸ್ಪೋರ್ಟ್ಸ್ ಕಾರಿನ ಎಂಜಿನ್ ಅಪರಿಚಿತವಲ್ಲ. ವ್ಯತ್ಯಾಸ ಎರಡು ಕಾರ್ಬುರೇಟರ್, ಹೆಚ್ಚಿನ ಕಂಪ್ರೆಶನ್, ಕ್ಯಾಮಿನ ಆಕಾರ ಇಂಥವುಗಳಲ್ಲಿದೆ. ಅದೇ ಎಂಜಿನ್ ಎಂಜಿಎಯಲ್ಲಿ ಆರಂಭದಲ್ಲಿ 68 ಅಶ್ವಶಕ್ತಿ, ಆಮೇಲೆ 72 ಕೊಟ್ಟಿತು.

ಈಗ ಮಾಡಬೇಕಾದ್ದು ಹೀಗೆ. ಪ್ಲಗ್ಗುಗಳನ್ನು ಬಿಚ್ಚಿ ನಾಲ್ಕೂ ಸಿಲಿಂಡರಿಗೆ ಡೀಸೆಲ್ ಮತ್ತು ಆಟೋಮ್ಯಾಟಿಕ್ ಗೇರ್ ಬಾಕ್ಸಿನ ಎಟಿಎಫ್ ಎಣ್ಣೆಯನ್ನು ಸಮ ಬೆರೆಸಿ ಅರ್ಧ ಲೋಟದಂತೆ ಸುರಿಯಿರಿ. ಮರುದಿನ ನೋಡಿದಾಗ ಯಾವ ಸಿಲಿಂಡರಿನಲ್ಲಿ ಎಣ್ಣೆ ಇಂಗಿದೆ, ಯಾವುದರಲ್ಲಿ ಹಾಗೆಯೇ ನಿಂತಿದೆ ಎಂದು ಬರೆದಿಟ್ಟುಕೊಳ್ಳಿ. ನಿಂತ ಕಡೆ ರಿಂಗು ಬೋರಿಗೆ ಅಂಟಿಕೊಂಡಿದೆ. ಹದಿನೈದು ದಿನ ಬಿಡಿ, ಇಂಗಿದ್ದಕ್ಕೆ ಮತ್ತೆ ಸುರಿಯಿರಿ. ಸ್ಟಾರ್ಟರಿಗೆ ಬ್ಯಾಟರಿ ಕೊಟ್ಟು ಎಳೆಯುವ ಸಾಹಸ ಬೇಡ, ಪುಲ್ಲಿಯ ಬೋಲ್ಟಿಗೆ ಉದ್ದ ಪಾನ ಹಾಕಿ ಎರಡೂ ದಿಕ್ಕಿಗೆ ಸ್ವಲ್ಪ ಸ್ವಲ್ಪವೇ ಅಲುಗಿಸಿ. ಅದೂ ಆಗದಿದ್ದರೆ ಹೆಡ್ ಬಿಚ್ಚಿ, ಪಿಸ್ಟನ್ ಮೇಲೆ ಮರದ ತುಂಡು ಇಟ್ಟು ಮೆಲ್ಲಗೆ ತಟ್ಟಿ.

ಬೋರಿನಲ್ಲಿ ತುಕ್ಕಿನ ಗುಳಿಗಳಿದ್ದರೆ ನಲವತ್ತು (ಇಂಚಿನ ಸಾವಿರದ ನಲವತ್ತು ಪಾಲು) ಓವರ್‌ಸೈಜಿನವರೆಗೆ ಬೋರಿಂಗ್ ಮಾಡಿಸಬಹುದು. ಅದರಲ್ಲೂ ಗುಳಿ ಹೋಗದಿದ್ದರೆ ಒಳಗೆ ಸ್ಲೀವ್ ಎಂಬ ಕಬ್ಬಿಣದ ಕೊಳವೆ ಹಾಕಿಸಿ ಮೂಲದ ಅಳತೆಗೇ ತರಬಹುದು. ಬ್ಲಾಕಿಗೆ ಸೀಳು ಬಿದ್ದಿದ್ದರೆ ಮಾತ್ರ ಅಂಬಾಸಿಡರಿನ ಎಂಜಿನ್ ಹುಡುಕಿ. ಆಗಲೂ ನಿಮ್ಮ ಹಳೆಯ ಎಂಜಿನ್ನಿನ ಫ್ರಂಟ್ ಪ್ಲೇಟ್, ಬ್ಯಾಕ್ ಪ್ಲೇಟ್, ಸಂಪ್, ಫ್ಲೈವೀಲ್ ಇವುಗಳಲ್ಲಿ ಒಂದನ್ನೂ ಎಸೆಯಬೇಡಿ. ಮನೆತನ ಒಂದೇ ಆದರೂ ಎಂಜಿನ್ ಷಾಸಿಗೆ ಕೂರುವ ಜಾಗ, ಸ್ಟಾರ್ಟರ್ ಮೋಟಾರ್ ಕೂರುವ ಜಾಗ ಇವು ಕಾರಿನಿಂದ ಕಾರಿಗೆ ಬದಲಾಗುತ್ತವೆ. ಹಳೆಯ ತಟ್ಟೆಗಳನ್ನು ಪಕ್ಕದಲ್ಲಿಟ್ಟು ರಂಧ್ರಕ್ಕೆ ರಂಧ್ರ ಹೋಲಿಸಿ ನೋಡಿದ ಮೇಲೆಯೇ ಹಣ ಕೊಡಿ.

ಹೆಡ್ ಬಿಚ್ಚಿದಾಗ ಎಕ್ಸಾಸ್ಟ್ ವಾಲ್ವುಗಳಿಗೆ ಗಟ್ಟಿ ಸೀಟ್ ಹಾಕಿಸಿಬಿಡಿ. ಈ ಎಂಜಿನ್ ಸೀಸ ಬೆರೆತ ಪೆಟ್ರೋಲಿನ ಕಾಲದ್ದು, ಆ ಸೀಸವೇ ವಾಲ್ವಿನ ಸೀಟ್ ಸವೆಯದಂತೆ ಕಾಯುತ್ತಿತ್ತು. 2000ದಿಂದ ನಮ್ಮ ದೇಶದಲ್ಲಿ ಆ ಪೆಟ್ರೋಲ್ ಇಲ್ಲ. ಈಗಿನ ಪೆಟ್ರೋಲಿನಲ್ಲಿ ಎಥೆನಾಲ್ ಬೇರೆ ಇರುವುದರಿಂದ ರಬ್ಬರ್ ಪೈಪುಗಳೆಲ್ಲ ಹೊಸದಾಗಬೇಕು, ಮಳೆಗಾಲದಲ್ಲಿ ಕಾರು ನಿಲ್ಲಿಸುವುದಾದರೆ ಟ್ಯಾಂಕನ್ನು ಖಾಲಿ ಮಾಡಬೇಕು. ಎಥೆನಾಲ್ ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಆ ನೀರು ತಳಕ್ಕೆ ಇಳಿದು ಟ್ಯಾಂಕನ್ನು ಒಳಗಿನಿಂದ ತಿನ್ನುತ್ತದೆ. ಇನ್ನೊಂದು ಮಾತು: ಈ ಕಾರಿನಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಬಾಡಿಗೆ ಅರ್ತ್ ಆಗಿರುತ್ತದೆ. ಅದನ್ನು ತಿರುಗಿಸದೆ ಡೈನಮೋ ಬದಲು ಆಲ್ಟರ್ನೇಟರ್ ಜೋಡಿಸಿದರೆ ಅದರ ಡಯೋಡುಗಳು ಆ ಕ್ಷಣವೇ ಸುಟ್ಟುಹೋಗುತ್ತವೆ.

ಶಿವಮೊಗ್ಗದ ವಕೀಲ

ಯಾಂತ್ರಿಕ ವಿಷಯದಲ್ಲಿ ನನಗೆ ಮಾತಿಲ್ಲ, ಕಾಗದಪತ್ರದ ವಿಷಯದಲ್ಲಿ ಇದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ಆರ್‌ಸಿಯಲ್ಲಿ ನಮೂದಾದ ವಿವರಗಳು ತಯಾರಕರು ಮೂಲದಲ್ಲಿ ಕೊಟ್ಟ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನು ಇನ್ನಷ್ಟು ಸ್ಪಷ್ಟಪಡಿಸಿತು. ಎಂಜಿನ್ ಬದಲಿಸುವುದಾದರೆ ನೋಂದಣಿ ಪ್ರಾಧಿಕಾರದ, ಅಂದರೆ ನಿಮ್ಮ ವಿಷಯದಲ್ಲಿ ಶಿವಮೊಗ್ಗದ ಕೆಎ 14 ಕಚೇರಿಯ, ಅನುಮತಿಯನ್ನು ಮೊದಲೇ ಪಡೆಯಬೇಕು ಮತ್ತು ಬದಲಿಸಿದ 14 ದಿನಗಳೊಳಗೆ ವರದಿ ಮಾಡಬೇಕು.

ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆಂದೇ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲೇ ಉಳಿಸಿಕೊಂಡ, ಷಾಸಿ, ಬಾಡಿ ಅಥವಾ ಎಂಜಿನ್ನಿನಲ್ಲಿ ಗಣನೀಯ ಮಾರ್ಪಾಡಿಗೆ ಒಳಗಾಗದ ದ್ವಿಚಕ್ರ ಮತ್ತು ನಾಲ್ಕು ಚಕ್ರದ ವಾಹನಗಳಿಗೆ ಅದು ಅನ್ವಯಿಸುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಶುಲ್ಕ. ನೋಂದಣಿ 10 ವರ್ಷ ಊರ್ಜಿತವಾಗಿರುತ್ತದೆ. ಭಾರತದಲ್ಲಿ ಮೊದಲೇ ನೋಂದಾಯಿತವಾದ ವಾಹನವಾದರೆ ಹಳೆಯ ನಂಬರನ್ನೇ ಉಳಿಸಿಕೊಳ್ಳಬಹುದು. ನಿಮ್ಮ ಅಜ್ಜನ 'ಎಂವೈ' ನಂಬರಿಗೆ ಇದಕ್ಕಿಂತ ದೊಡ್ಡ ರಕ್ಷಣೆ ಬೇರೆ ಇಲ್ಲ. ಅದಕ್ಕೆ ಪ್ರತಿಯಾಗಿ ವಾಹನವನ್ನು ದಿನನಿತ್ಯ ರಸ್ತೆಯಲ್ಲಿ ಓಡಿಸುವಂತಿಲ್ಲ. ಪ್ರದರ್ಶನ, ತಾಂತ್ರಿಕ ಸಂಶೋಧನೆ, ರ‍್ಯಾಲಿ, ಇಂಧನ ತುಂಬಿಸುವುದು, ದುರಸ್ತಿ ಇವುಗಳಿಗೆ ಮಾತ್ರ ಅವಕಾಶ.

ಷಾಸಿ ಕತ್ತರಿಸಿ ಇಸುಜು ಕೂರಿಸಿದ ಕಾರನ್ನು ಮೂಲ ಸ್ವರೂಪದ್ದು ಎಂದು ವಾದಿಸುವ ಕೆಲಸವನ್ನು ಯಾರಾದರೂ ನನಗೆ ವಹಿಸಿದರೆ ನಾನು ಒಪ್ಪಿಕೊಳ್ಳಲಾರೆ. ಕೊಪ್ಪದ ಮಿತ್ರರಿಗೂ ಒಂದು ವಿನಂತಿ: ನಿಮ್ಮ ಆರ್‌ಸಿಯಲ್ಲಿ ಜಿಪ್ಸಿಯ ಎಂಜಿನ್ ನಂಬರ್ ದಾಖಲಾಗಿದೆಯೇ ಎಂದು ಒಮ್ಮೆ ನೋಡಿಕೊಳ್ಳಿ. ದಾಖಲಾಗದಿದ್ದರೆ ಅಪಘಾತವಾದ ದಿನ ವಿಮಾ ಕಂಪನಿಯವರಿಗೆ ಅಷ್ಟೇ ಸಾಕು.

ಎಲ್ಲಕ್ಕಿಂತ ಮೊದಲು ಆರ್‌ಸಿ ನಿಮ್ಮ ಹೆಸರಿಗೆ ಬರಬೇಕು. ಮಾಲೀಕರು ತೀರಿಕೊಂಡಿದ್ದರೆ ವರ್ಗಾವಣೆಗೆ ಫಾರಂ 31. ಹಿಸ್ಸೆ ಪತ್ರದಲ್ಲಿ ಕೊಟ್ಟಿಗೆ ನಿಮ್ಮದಾಗಿರಬಹುದು, ಕಾರಿನ ಹೆಸರು ಅದರಲ್ಲಿ ಇದೆಯೇ? ಇಲ್ಲವೆಂದಾದರೆ ದೊಡ್ಡಪ್ಪ ಚಿಕ್ಕಪ್ಪಂದಿರ ಮಕ್ಕಳೆಲ್ಲರ ಒಪ್ಪಿಗೆ ಪತ್ರಗಳನ್ನು ಕಾರು ಕೊಟ್ಟಿಗೆಯಲ್ಲಿ ತುಕ್ಕಿನ ಮುದ್ದೆಯಾಗಿ ಇರುವಾಗಲೇ ಬರೆಸಿಕೊಳ್ಳಿ. ಬಣ್ಣ ಬಳಿದು ಅಂಗಳಕ್ಕೆ ತಂದ ಮೇಲೆ ಅದು ಎಲ್ಲರ ಅಜ್ಜನ ಕಾರಾಗುತ್ತದೆ.

ತೀರ್ಥಹಳ್ಳಿಯ ತೋಟದವ

ಎರಡು ತಿಂಗಳ ನಂತರ ಬರೆಯುತ್ತಿದ್ದೇನೆ, ಕ್ಷಮಿಸಿ. ಆರಿದ್ರಾ ಮಳೆ ಹಿಡಿದಿದೆ, ಹೊರಗಿನ ಕೆಲಸವೆಲ್ಲ ನಿಂತಿದೆ.

ವಕೀಲರ ಮಾತಿನಂತೆ ಮೊದಲು ಒಪ್ಪಿಗೆ ಪತ್ರಗಳನ್ನು ಬರೆಸಿಕೊಂಡೆ. ಐವರು ತಕ್ಷಣ ಸಹಿ ಹಾಕಿದರು, ಒಬ್ಬರು ಓಡಿದ ದಿನ ಮೊದಲ ಸವಾರಿ ತಮಗೆ ಕೊಡಬೇಕೆಂಬ ಷರತ್ತು ಹಾಕಿ ಸಹಿ ಮಾಡಿದ್ದಾರೆ. ಫಾರಂ 31ರ ಅರ್ಜಿ ಕಚೇರಿಯಲ್ಲಿದೆ.

ಷಾಸಿಯನ್ನು ಸುತ್ತಿಗೆಯಲ್ಲಿ ಬಡಿದು ನೋಡಿದೆ. ಉದ್ದದ ಎರಡೂ ತೊಲೆಗಳು ಗಂಟೆಯ ದನಿ ಕೊಟ್ಟವು. ಎಡಗಡೆ ನೆಲದ ಪಟ್ಟಿಯ ಗೆರೆಯಲ್ಲಿ ಸುಮಾರು ಒಂದೂವರೆ ಅಡಿ, ಮತ್ತು ಬ್ಯಾಟರಿ ತೊಟ್ಟಿಲುಗಳೆರಡೂ ಪೂರ್ತಿ ಹೋಗಿವೆ. ಕರ್ಣಗಳ ಅಳತೆಯಲ್ಲಿ ವ್ಯತ್ಯಾಸ ಮೂರು ಮಿಲಿಮೀಟರ್.

ಎಂಜಿನ್ನಿಗೆ ಎಣ್ಣೆ ಸುರಿದ ಮರುದಿನ ಒಂದು, ಎರಡು ಮತ್ತು ನಾಲ್ಕನೇ ಸಿಲಿಂಡರುಗಳಲ್ಲಿ ಇಂಗಿತ್ತು, ಮೂರನೆಯದರಲ್ಲಿ ಹಾಗೆಯೇ ನಿಂತಿತ್ತು. ಇಪ್ಪತ್ತೆರಡನೆಯ ದಿನ ಪಾನ ಹಾಕಿ ಎಳೆದಾಗ 'ಟಕ್' ಎಂಬ ಸದ್ದಿನೊಂದಿಗೆ ಪುಲ್ಲಿ ಒಂದು ಅಂಗುಲದಷ್ಟು ತಿರುಗಿತು. ನನ್ನ ಜೊತೆಗಿದ್ದ ಆಳು ಏನೋ ಮುರಿಯಿತೆಂದು ಹಿಂದೆ ಸರಿದ, ನಾನಂತೂ ಅಲ್ಲೇ ಕೂತುಬಿಟ್ಟೆ. ಹೆಡ್ ಬಿಚ್ಚಿದಾಗ ಮೂರನೇ ಬೋರಿನ ನಡುವಿನಲ್ಲಿ ರಿಂಗು ನಿಂತಿದ್ದ ಜಾಗಕ್ಕೆ ಸರಿಯಾಗಿ ಕಡಗದಂತೆ ಸುತ್ತಲೂ ಗುಳಿ ಬಿದ್ದಿದೆ. ಶಿವಮೊಗ್ಗದ ಬೋರಿಂಗ್ ಕೆಲಸದವರು ನಲವತ್ತಕ್ಕೂ ಅದು ಹೋಗುವುದಿಲ್ಲ ಎಂದಿದ್ದಾರೆ. ಬ್ಲಾಕಿಗೆ ಸೀಳು ಇಲ್ಲ. ಎಂಜಿನ್ ನಂಬರಿನ ತಟ್ಟೆಯನ್ನು ಉಜ್ಜಿದಾಗ '15 ಜಿಬಿ' ಎಂಬ ಅಕ್ಷರಗಳು ಓದಲು ಸಿಕ್ಕವು, ಅದರ ಮುಂದಿನ ಅಂಕಿಗಳು ಆರ್‌ಸಿಯಲ್ಲಿರುವುದಕ್ಕೆ ತಾಳೆಯಾಗುತ್ತವೆ.

ಆದ್ದರಿಂದ ಇಸುಜು ಎಂಜಿನ್ನನ್ನು ಬಿಟ್ಟುಬಿಟ್ಟೆ. ಈಗ ನನ್ನ ಮುಂದಿರುವುದು ಎರಡೇ ಪ್ರಶ್ನೆಗಳು. ಮೂರನೇ ಬೋರಿಗೆ ಮಾತ್ರ ಸ್ಲೀವ್ ಹಾಕಿಸಿದರೆ ಸಾಕೇ, ನಾಲ್ಕಕ್ಕೂ ಹಾಕಿಸಬೇಕೇ? ಸಿಲ್ ಮಾಡಲು ಯಾವ ದಪ್ಪದ ತಗಡು ತರಲಿ?

ಭದ್ರಾವತಿಯ ಹಳೇ ಫಿಟ್ಟರ್

ಉಳಿದ ಮೂರು ಬೋರುಗಳು ಮೂಲದ ಅಳತೆಯಲ್ಲೇ ಇದ್ದು ಸವೆತ ಕಡಿಮೆ ಇದ್ದರೆ ಮೂರನೆಯದಕ್ಕೆ ಒಂದು ಸ್ಲೀವ್ ಸಾಕು. ಆದರೆ ನಾಲ್ಕಕ್ಕೂ ಹೊಸ ಪಿಸ್ಟನ್ ಕೊಳ್ಳುವ ಯೋಚನೆ ಇದ್ದರೆ, ಮೊದಲು ಪಿಸ್ಟನ್ ಸೆಟ್ ಯಾವ ಅಳತೆಯದು ಸಿಗುತ್ತದೆ ಎಂದು ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ವಿಚಾರಿಸಿ, ಪಿಸ್ಟನ್ ಕೈಗೆ ಬಂದ ಮೇಲೆ ಅದರ ಅಳತೆಗೆ ಬೋರ್ ಮಾಡಿಸಿ. ಸ್ಲೀವ್ ಕೂಡ ಆ ಅಳತೆಗೇ ಕೊರೆಯಲಿ. ಬೋರ್ ಮೊದಲು ಮಾಡಿಸಿ ಪಿಸ್ಟನ್ ಹುಡುಕಲು ಹೊರಟವರನ್ನು ನಾನು ಬಹಳ ಕಂಡಿದ್ದೇನೆ. ಅಂಬಾಸಿಡರಿನ ಪಿಸ್ಟನ್ ಕೊಡಲು ಬಂದರೆ ತಲೆಯ ಆಕಾರವನ್ನು ಹಳೆಯದರೊಂದಿಗೆ ಹೋಲಿಸಿ, ಕಂಪ್ರೆಶನ್ ಕಡಿಮೆಯಾಗುವುದು ಅಲ್ಲಿಯೇ.

ಸಾಗರದ ಟಿಂಕರಿಂಗ್ ಶೆಡ್

ಮೂರು ಮಿಲಿಮೀಟರ್ ವ್ಯತ್ಯಾಸಕ್ಕೆ ಚಿಂತಿಸಬೇಡಿ, ಕೈಯಳತೆಯಲ್ಲಿ ಅಷ್ಟು ಸಹಜ. ಸಿಲ್ ಹೊರಹಾಳೆಗೆ 20 ಗೇಜ್, ಒಳಗಿನದಕ್ಕೆ 18 ಗೇಜ್ ಸಿಆರ್ ಶೀಟ್ ತನ್ನಿ. ಸತು ಲೇಪಿಸಿದ ಜಿಐ ಶೀಟ್ ತುಕ್ಕು ಹಿಡಿಯುವುದಿಲ್ಲವೆಂದು ಯಾರಾದರೂ ಹೇಳಿದರೆ ಕೇಳಬೇಡಿ. ವೆಲ್ಡ್ ಮಾಡುವಾಗ ಸತುವಿನ ಹೊಗೆ ಎದೆಗೆ ಕೆಟ್ಟದ್ದು, ಬೆಸುಗೆಯೂ ಸರಿಯಾಗಿ ಕೂರುವುದಿಲ್ಲ. ಕೆಳಗಿನ ಅಂಚಿನಲ್ಲಿ ಮೂಲದ ನೀರಿನ ರಂಧ್ರಗಳನ್ನು ಮರೆಯದೆ ಬಿಡಿ, ಒಳಗೆ ಮೇಣ ಹೊಡೆಯಲು ಅವೇ ದಾರಿ. ನೆಲಕ್ಕೆ ಮರೈನ್ ಪ್ಲೈವುಡ್ ಹಾಕಿ ಅಂಚುಗಳಿಗೆಲ್ಲ ಎರಡು ಕೈ ಗೇರೆಣ್ಣೆ ಬಳಿಯಿರಿ, ಒರಲೆ ಹತ್ತಿರ ಬರುವುದಿಲ್ಲ. ವೆಲ್ಡಿಂಗ್ ಕೆಲಸವನ್ನು ಮಳೆಗಾಲದಲ್ಲಿ ಮಾಡಬಹುದು, ಬಣ್ಣವನ್ನು ಮಾತ್ರ ದೀಪಾವಳಿ ಕಳೆಯುವವರೆಗೆ ಮುಟ್ಟಬೇಡಿ. ಅದಕ್ಕೂ ಮುಂಚೆ ಆ ಒಡೆದ ಹಂಚನ್ನು ಬದಲಾಯಿಸಿದ್ದೀರೋ ಇಲ್ಲವೋ ತಿಳಿಸಿ.

ತೀರ್ಥಹಳ್ಳಿಯ ತೋಟದವ

ಹಂಚು ಬದಲಾಯಿಸಿದೆ. ಕೋಳಿಗಳಿಗೂ ಬೇರೆ ಗೂಡು ಮಾಡಿಕೊಟ್ಟಿದ್ದೇನೆ. ಒಂದು ಹೇಂಟೆ ಮಾತ್ರ ಇನ್ನೂ ಡಿಕ್ಕಿಯ ಸುತ್ತಲೇ ತಿರುಗುತ್ತಿದೆ. ಪಿಸ್ಟನ್ ವಿಚಾರಿಸಲು ಮುಂದಿನ ವಾರ ಬೆಂಗಳೂರಿಗೆ ಹೋಗುತ್ತೇನೆ, ಹಳೆಯ ಪಿಸ್ಟನ್ ಒಂದನ್ನು ಗೋಣಿಬಟ್ಟೆಯಲ್ಲಿ ಸುತ್ತಿ ಜೊತೆಗೆ ಒಯ್ಯುತ್ತಿದ್ದೇನೆ.